1984ರ ಟ್ಯೂಬ್ ವಿಡಿಯೊ ಕ್ಯಾಮೆರಾ: ವಿದ್ಯುತ್ ಕೊಡುವ ಮೊದಲು ಸಲಹೆ ಬೇಕು

ಕುಂದಾಪುರದಿಂದ, ಚರ್ಚೆ ಆರಂಭಿಸಿದವರು

ಎಲ್ಲರಿಗೂ ನಮಸ್ಕಾರ. ನನ್ನ ಸೋದರಮಾವ 1984ರಲ್ಲಿ ಬಹರೈನ್‌ನಿಂದ ಊರಿಗೆ ಮರಳುವಾಗ ಜಪಾನಿನಲ್ಲಿ ತಯಾರಾದ ಒಂದು ಬಣ್ಣದ ವಿಡಿಯೊ ಕ್ಯಾಮೆರಾವನ್ನೂ ಹೆಗಲಿಗೆ ಹಾಕಿಕೊಳ್ಳುವ ರೆಕಾರ್ಡರನ್ನೂ ತಂದಿದ್ದರು. 1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂದ ಮೇಲೆ ನಮ್ಮ ಕಡೆಯ ಮದುವೆಮನೆಗಳಲ್ಲಿ ವಿಡಿಯೊ ತೆಗೆಸುವ ಆಸೆ ಹುಟ್ಟಿತ್ತು. ಮಾವ ಐದಾರು ವರ್ಷ ಬೈಂದೂರಿನಿಂದ ಬ್ರಹ್ಮಾವರದವರೆಗೆ ಮದುವೆ, ಉಪನಯನ, ಗೃಹಪ್ರವೇಶಗಳನ್ನೆಲ್ಲ ಇದೇ ಕ್ಯಾಮೆರಾದಲ್ಲಿ ಚಿತ್ರಿಸಿದರು. ಟ್ಯೂಬ್ ಇಲ್ಲದ, ಕೈಯಲ್ಲಿ ಹಿಡಿಯುವಷ್ಟು ಹಗುರಾದ ಕ್ಯಾಮೆರಾಗಳು ಬಂದ ಮೇಲೆ ಇದು ಪೆಟ್ಟಿಗೆ ಸೇರಿತು. 1991ರಿಂದ ಈಚೆಗೆ ಇದಕ್ಕೆ ವಿದ್ಯುತ್ ಕೊಟ್ಟವರಿಲ್ಲ.

ಮಾವ ಕಳೆದ ತಿಂಗಳು ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟರು. ಹೊರಕವಚ ಗಟ್ಟಿಯಾಗಿದೆ. ಲೆನ್ಸಿನ ಒಳಗೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿದೆ. ವ್ಯೂಫೈಂಡರಿನ ಕಣ್ಣಿನ ರಬ್ಬರು ಕರಗಿ ಬೆಲ್ಲದ ಪಾಕದಂತೆ ಕೈಗೆ ಅಂಟುತ್ತದೆ. ಕೇಬಲ್ಲಿನ ತುದಿಯಲ್ಲಿ 14 ಪಿನ್ನಿನ ಕನೆಕ್ಟರ್ ಇದೆ, ಕ್ಯಾಮೆರಾ 12 ವೋಲ್ಟಿನಲ್ಲಿ ನಡೆಯುತ್ತದೆ. ನನಗೆ ರೇಡಿಯೊ, ಆಂಪ್ಲಿಫೈಯರ್ ರಿಪೇರಿ ಮಾಡಿ ಅಭ್ಯಾಸವಿದೆಯಾದರೂ ಚಿತ್ರ ಹಿಡಿಯುವ ಟ್ಯೂಬನ್ನು ನಾನು ಈವರೆಗೆ ಮುಟ್ಟಿಲ್ಲ. ಮಲ್ಟಿಮೀಟರ್, ಬೆಸುಗೆಯ ಸಲಕರಣೆ ನನ್ನ ಬಳಿ ಇವೆ. ವಿದ್ಯುತ್ ಅಲೆಯ ಆಕಾರವನ್ನು ತೋರಿಸುವ ಆಸಿಲೋಸ್ಕೋಪನ್ನು ಗೆಳೆಯರೊಬ್ಬರು ಕೊಡುತ್ತಾರೆ. ಮೊದಲು ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಬೆಂಗಳೂರಿನಿಂದ, ನಿವೃತ್ತ ಪ್ರಸಾರ ಎಂಜಿನಿಯರ್

ನೀವು ವಿದ್ಯುತ್ ಕೊಡುವ ಮೊದಲೇ ಕೇಳಿದ್ದು ತುಂಬ ಒಳ್ಳೆಯದಾಯಿತು. ಈ ಕ್ಯಾಮೆರಾದಲ್ಲಿ ಟ್ಯೂಬ್ ಒಂದನ್ನು ಬಿಟ್ಟು ಉಳಿದ ಬಹುತೇಕ ಬಿಡಿಭಾಗಗಳಿಗೆ ಇವತ್ತು ಏನಾದರೊಂದು ಬದಲಿ ಸಿಗುತ್ತದೆ. ಆದ್ದರಿಂದ ನೀವು ಮಾಡುವ ಕೆಲಸದ ಕ್ರಮವನ್ನೆಲ್ಲ ಆ ಟ್ಯೂಬನ್ನು ಕಾಪಾಡುವ ದೃಷ್ಟಿಯಿಂದಲೇ ನಿರ್ಧರಿಸಬೇಕು.

ಟ್ಯೂಬಿನ ಕೆಲಸ ತಿಳಿದಿದ್ದರೆ ಮುಂದಿನ ಎಚ್ಚರಿಕೆಗಳು ತಾವಾಗಿಯೇ ಅರ್ಥವಾಗುತ್ತವೆ. ನಿಮ್ಮದು ವಿಡಿಕಾನ್ ಜಾತಿಯ ಟ್ಯೂಬ್. ಅಮೆರಿಕದ ಆರ್‌ಸಿಎ ಪ್ರಯೋಗಾಲಯದಲ್ಲಿ 1950ರ ಸುಮಾರಿಗೆ ರೂಪುಗೊಂಡ ಈ ಬಗೆಯ ಟ್ಯೂಬಿನ ಮುಂಭಾಗದ ಗಾಜಿನ ಒಳಮೈಗೆ ಬೆಳಕು ಬಿದ್ದರೆ ವಿದ್ಯುತ್ತನ್ನು ಹರಿಯಬಿಡುವ ತೆಳುವಾದ ಲೇಪನವಿರುತ್ತದೆ. ಮೂಲ ವಿಡಿಕಾನಿನಲ್ಲಿ ಅದು ಆಂಟಿಮನಿ ಟ್ರೈಸಲ್ಫೈಡ್. ಲೆನ್ಸ್ ಮೂಡಿಸಿದ ಬಿಂಬದಲ್ಲಿ ಎಲ್ಲಿ ಬೆಳಕು ಹೆಚ್ಚಿದೆಯೋ ಅಲ್ಲಿ ಲೇಪನದ ಮೇಲಿನ ವಿದ್ಯುದಂಶ ಸೋರಿಹೋಗುತ್ತದೆ. ಹಿಂದಿನಿಂದ ಬರುವ ಇಲೆಕ್ಟ್ರಾನ್ ಕಿರಣವು ಗೆರೆಗೆರೆಯಾಗಿ ಓಡಾಡುತ್ತ, ಸೋರಿಹೋದದ್ದನ್ನು ಸೆಕೆಂಡಿಗೆ 25 ಸಲ ಮತ್ತೆ ತುಂಬಿಕೊಡುತ್ತದೆ. ಹೀಗೆ ತುಂಬುವಾಗ ಹರಿಯುವ ಪ್ರವಾಹವೇ ನಮ್ಮ ಚಿತ್ರಸಂಕೇತ. ಅದು 0.2 ಮೈಕ್ರೊಆಂಪಿಯರ್ ಆಸುಪಾಸಿನದು, ಅಂದರೆ ಒಂದು ಆಂಪಿಯರಿನ 50 ಲಕ್ಷದ ಒಂದು ಪಾಲು. ಟ್ಯೂಬಿನ ಮೂತಿಯ ಸುತ್ತ ಇರುವ ಲೋಹದ ಬಳೆಗೆ ಬೆವರುಗೈ ತಾಗಿದರೂ ಅಷ್ಟು ಪ್ರವಾಹ ಆ ಜಿಡ್ಡಿನಲ್ಲೇ ಸೋರಿಹೋಗಬಲ್ಲದು.

ಕಿರಣ ಹೊರಟಿದೆ, ಆದರೆ ಅದನ್ನು ಓಡಾಡಿಸುವ ಡಿಫ್ಲೆಕ್ಷನ್ ಮಂಡಲ ಕೆಟ್ಟಿದೆ ಎಂದುಕೊಳ್ಳಿ. ಆಗ ಅಷ್ಟೂ ಕಿರಣ ಒಂದೇ ಗೆರೆಯ ಮೇಲೋ ಒಂದೇ ಬಿಂದುವಿನ ಮೇಲೋ ನಿಂತು ಲೇಪನವನ್ನು ಶಾಶ್ವತವಾಗಿ ಸುಟ್ಟುಬಿಡುತ್ತದೆ. ಇದನ್ನು ತಡೆಯುವ ರಕ್ಷಣಾ ಮಂಡಲ ಅನೇಕ ಕ್ಯಾಮೆರಾಗಳಲ್ಲಿ ಇರುತ್ತದೆ. ಆದರೆ ಆ ಮಂಡಲಕ್ಕೂ 40 ವರ್ಷ ವಯಸ್ಸಾಗಿರುವುದರಿಂದ ಅದನ್ನು ನಂಬಿ ಕೂರಬಾರದು.

ಒಂದು ಪ್ರಶ್ನೆ. ಇಷ್ಟು ವರ್ಷ ಪೆಟ್ಟಿಗೆಯೊಳಗೆ ಕ್ಯಾಮೆರಾ ಯಾವ ಭಂಗಿಯಲ್ಲಿತ್ತು? ಲೆನ್ಸ್ ಕೆಳಮುಖವಾಗಿದ್ದರೆ ಟ್ಯೂಬಿನ ಒಳಗಿನ ಸಡಿಲ ಕಣಗಳು ಲೇಪನದ ಮೇಲೆ ಉದುರಿ, ಚಿತ್ರದಲ್ಲಿ ಚುಕ್ಕೆಗಳಾಗಿ ಕಾಣಿಸಿಕೊಳ್ಳುತ್ತವೆ. ಮುಂದೆ ರಿಪೇರಿಗಾಗಿ ತಿರುಗಿಸುವಾಗಲೂ ಮೂತಿ ಕೆಳಗಾಗದಂತೆ ನೋಡಿಕೊಳ್ಳಿ.

ಹುಬ್ಬಳ್ಳಿಯಿಂದ, ಟಿವಿ ರಿಪೇರಿ ಅಂಗಡಿಯವರು

ಸರ್ ಹೇಳಿದ್ದಕ್ಕೆ ನನ್ನ ಅನುಭವದ ಎರಡು ಮಾತು ಸೇರಿಸುತ್ತೇನೆ. ಈ ಕಾಲದ ಸಾಧನಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ವಿದ್ಯುದಂಶವನ್ನು ಕೂಡಿಡುವ ಬಿಡಿಭಾಗಗಳಾದ ಕಂಡೆನ್ಸರುಗಳನ್ನು. ಅಲ್ಯೂಮಿನಿಯಂ ಎಲೆಕ್ಟ್ರೊಲಿಟಿಕ್ ಜಾತಿಯವು ಒಳಗೊಳಗೇ ಒಣಗಿರುತ್ತವೆ. ಹೊರಗೆ ಉಬ್ಬಿರದಿದ್ದರೂ ಅವುಗಳ ಒಳರೋಧವನ್ನು ಅಳೆಯುವ ಇಎಸ್‌ಆರ್ ಮೀಟರಿನಲ್ಲಿ ಸಿಕ್ಕಿಬೀಳುತ್ತವೆ. ನೀರಹನಿಯ ಆಕಾರದ ಟ್ಯಾಂಟಲಂ ಕಂಡೆನ್ಸರುಗಳ ಸ್ವಭಾವವೇ ಬೇರೆ. ಅವು ಒಣಗುವುದಿಲ್ಲ, ಕೆಟ್ಟಾಗ ಹೆಚ್ಚಾಗಿ ನೇರವಾಗಿ ಶಾರ್ಟ್ ಆಗುತ್ತವೆ, ಕೆಲವೊಮ್ಮೆ ಹೊಗೆ ಬಿಡುತ್ತವೆ.

ಹಾಗೆಂದು ಕವಚ ಬಿಚ್ಚಿದ ಕೂಡಲೇ ಎಲ್ಲವನ್ನೂ ಕಿತ್ತು ಹೊಸದನ್ನು ಹಾಕುವ ಹುಮ್ಮಸ್ಸು ಬೇಡ. ಈ ಬೋರ್ಡುಗಳ ತಾಮ್ರದ ಗೆರೆಗಳು ಹಳತಾಗಿರುತ್ತವೆ. ಕಾಯಿಸಿ ಎಳೆದರೆ ಬೋರ್ಡಿನಿಂದ ಸಿಪ್ಪೆಯಂತೆ ಎದ್ದುಬರುತ್ತವೆ. ಮೊದಲು ವಿದ್ಯುತ್ ಸರಬರಾಜಿನ ಭಾಗ, ಆಮೇಲೆ ಡಿಫ್ಲೆಕ್ಷನ್, ಕೊನೆಗೆ ಚಿತ್ರದ ಭಾಗ ಎಂಬ ಕ್ರಮದಲ್ಲಿ ಹೋಗಿ. ಒಂದೊಂದು ಕಂಡೆನ್ಸರನ್ನು ತೆಗೆಯುವ ಮೊದಲೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ, ಧನ ಋಣ ತುದಿಗಳನ್ನು ಚೀಟಿಯಲ್ಲಿ ಬರೆದಿಡಿ. ಹೊಸದು 105 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನು ತಾಳುವಂಥದ್ದಾಗಿರಲಿ. ವೋಲ್ಟೇಜು ಹಳೆಯದರಷ್ಟೋ ಅದಕ್ಕಿಂತ ಹೆಚ್ಚೋ ಇರಲಿ.

ಪಿನ್ನುಗಳ ವಿಚಾರದಲ್ಲಿ ಒಂದು ಎಚ್ಚರಿಕೆ. ಒಂದೇ ತರಹ ಕಾಣುವ ಕನೆಕ್ಟರುಗಳಲ್ಲಿ ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಜೋಡಣೆ ಕೊಟ್ಟಿವೆ. ಅಂತರಜಾಲದಲ್ಲಿ ಸಿಕ್ಕ ಪಟ್ಟಿಯನ್ನು ನಂಬಿ 12 ವೋಲ್ಟ್ ಕೊಡಬೇಡಿ. ಕವಚ ಬಿಚ್ಚಿ, ಕೇಬಲ್ಲಿನ ಯಾವ ತಂತಿ ಬೋರ್ಡಿನ ಫ್ಯೂಸಿಗೆ ಹೋಗಿದೆ, ಯಾವುದು ನೆಲಕ್ಕೆ (ಗ್ರೌಂಡಿಗೆ) ಹೋಗಿದೆ ಎಂಬುದನ್ನು ನಿಮ್ಮ ಮೀಟರಿನಿಂದಲೇ ಖಚಿತಪಡಿಸಿಕೊಳ್ಳಿ.

ಕುಂದಾಪುರದಿಂದ

ಪೆಟ್ಟಿಗೆಯ ಒಳಗೆ ಕ್ಯಾಮೆರಾ ಅಡ್ಡಡ್ಡವಾಗಿ ಮಲಗಿತ್ತು, ಲೆನ್ಸ್ ಕೆಳಮುಖವಾಗಿರಲಿಲ್ಲ.

ಎರಡು ಭಾನುವಾರಗಳ ಕೆಲಸದ ವರದಿ ಇದು. ಪಿನ್ನುಗಳ ನಕ್ಷೆಯನ್ನು ಮೀಟರಿನಿಂದಲೇ ಬರೆದುಕೊಂಡೆ. ಅಂತರಜಾಲದಲ್ಲಿ ಸಿಕ್ಕಿದ ಎರಡು ಪಟ್ಟಿಗಳಲ್ಲಿ ಒಂದು ತಾಳೆಯಾಗಲಿಲ್ಲ. ಅದನ್ನು ನಂಬಿದ್ದರೆ 12 ವೋಲ್ಟ್ ಬೇರೆ ಯಾವುದೋ ತಂತಿಗೆ ಹೋಗುತ್ತಿತ್ತು. ಆಮೇಲೆ ವಿದ್ಯುತ್ ಕೊಡದೆಯೇ ಒಳಗಿನ ಸರಬರಾಜು ಗೆರೆಗಳಿಂದ ನೆಲಕ್ಕೆ ಎಷ್ಟು ಓಮ್ ಇದೆ ಎಂದು ಅಳೆದೆ. 9 ವೋಲ್ಟಿನ ಗೆರೆ 0.8 ಓಮ್ ತೋರಿಸಿತು, ಅಂದರೆ ನೇರ ಶಾರ್ಟ್. ಆ ಗೆರೆಯ ಮೇಲೆ ಹನ್ನೊಂದು ಟ್ಯಾಂಟಲಂ ಕಂಡೆನ್ಸರುಗಳಿವೆ. ಎಲ್ಲವನ್ನೂ ಕೀಳದೆ ತಪ್ಪಿತಸ್ಥನನ್ನು ಹುಡುಕುವ ಉಪಾಯವೇನಾದರೂ ಇದೆಯೇ?

ಹುಬ್ಬಳ್ಳಿಯಿಂದ

ಇದೆ. ಪ್ರವಾಹವನ್ನು ಮಿತಿಗೊಳಿಸಬಲ್ಲ ಪವರ್ ಸಪ್ಲೈಯಿಂದ ಆ ಗೆರೆಗೆ ಮಾತ್ರ ಅರ್ಧ ವೋಲ್ಟಿನಷ್ಟು ಕೊಡಿ, ಮಿತಿಯನ್ನು ಅರ್ಧ ಆಂಪಿಯರಿಗೆ ಇಡಿ. ಅಷ್ಟು ಕಡಿಮೆ ವೋಲ್ಟೇಜಿನಲ್ಲಿ ಐಸಿಗಳಾಗಲೀ ಟ್ರಾನ್ಸಿಸ್ಟರುಗಳಾಗಲೀ ಎಚ್ಚರಗೊಳ್ಳುವುದಿಲ್ಲ. ಪ್ರವಾಹವೆಲ್ಲ ಶಾರ್ಟ್ ಆದ ಕಂಡೆನ್ಸರಿನ ಮೂಲಕವೇ ಹರಿಯುತ್ತದೆ. ಮೀಟರನ್ನು ಮಿಲಿವೋಲ್ಟಿಗೆ ಇಟ್ಟು ಗೆರೆಯ ಉದ್ದಕ್ಕೂ ಅಳೆಯುತ್ತ ಹೋಗಿ. ಓದು ಎಲ್ಲಿ ಅತಿ ಕಡಿಮೆಯಾಗಿದೆಯೋ ಅದರ ಹತ್ತಿರವೇ ತೊಂದರೆ ಇರುತ್ತದೆ. ಬಿಸಿಯಾದದ್ದು ಯಾವುದೆಂದು ಬೆರಳಿನಿಂದ ಮುಟ್ಟಿ ಹುಡುಕುವುದಕ್ಕಿಂತ ಇದು ನಂಬಿಕಸ್ಥ.

ಮೈಸೂರಿನಿಂದ, ಛಾಯಾಗ್ರಾಹಕಿ

ನನಗೆ ಎಲೆಕ್ಟ್ರಾನಿಕ್ಸ್ ಅಷ್ಟಾಗಿ ತಿಳಿಯದು, ಹಳೆಯ ಲೆನ್ಸುಗಳನ್ನು ಬಿಚ್ಚಿ ಶುಚಿಗೊಳಿಸುವುದು ಮಾತ್ರ ಗೊತ್ತು. ಕರಾವಳಿಯ ತೇವದಲ್ಲಿ ಮೂರು ದಶಕ ಮುಚ್ಚಿಟ್ಟ ಪೆಟ್ಟಿಗೆಯೊಳಗೆ ಬೂಷ್ಟು ಬಾರದಿದ್ದರೇ ಆಶ್ಚರ್ಯ. ಮೊದಲು ಲೆನ್ಸನ್ನು ಕ್ಯಾಮೆರಾದಿಂದ ಬೇರ್ಪಡಿಸಿ, ಟ್ಯೂಬಿನ ಮುಂದಿನ ತೆರಪಿಗೆ ಶುಭ್ರವಾದ ಮುಚ್ಚಳ ಹಾಕಿ. ಜೂಮ್ ಲೆನ್ಸಿನ ಒಳಗಿನ ಗಾಜಿನ ಗುಂಪುಗಳ ನಡುವಣ ಅಂತರ ಒಂದು ಕೂದಲಿನಷ್ಟು ಬದಲಾದರೂ ಜೂಮ್ ಮಾಡುವಾಗ ಫೋಕಸ್ ಜಾರುತ್ತದೆ. ಹಾಗಾಗಿ ತಿರುಪಿನ ಎಳೆಗಳಿರುವ ಪ್ರತಿ ಬಳೆಯನ್ನು ಬಿಚ್ಚುವ ಮೊದಲು ಸೂಜಿಯಿಂದ ಗುರುತು ಗೀರಿ, ಎಷ್ಟು ಸುತ್ತಿಗೆ ಕಳಚಿಕೊಂಡಿತು ಎಂಬುದನ್ನು ಎಣಿಸಿ ಬರೆದಿಡಿ.

ಮೇಲುಮೇಲಿನ ಬೂಷ್ಟಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಜಿಗುಟಾಗಿ ಕೂತಿದ್ದರೆ ಹೈಡ್ರೊಜನ್ ಪೆರಾಕ್ಸೈಡ್ ಮತ್ತು ಅಮೋನಿಯದ ತೆಳುವಾದ ಮಿಶ್ರಣವನ್ನು ಬಳಸುವವರಿದ್ದಾರೆ. ಗಾಳಿಯಾಡುವ ಕಡೆ, ಕೈಗವಸು ಹಾಕಿ ಮಾಡಬೇಕು. ಎರಡು ಗಾಜುಗಳನ್ನು ಅಂಟಿಸಿರುವ ಜೋಡಿಯನ್ನು ಮಾತ್ರ ಅದರಲ್ಲಿ ಅದ್ದಬೇಡಿ. ಬೂಷ್ಟು ಗಾಜಿನ ಲೇಪನವನ್ನು ತಿಂದಿದ್ದರೆ ಒರೆಸಿದ ಮೇಲೂ ಅದರ ಜಾಡು ಉಳಿಯುತ್ತದೆ. ಅದನ್ನು ಉಜ್ಜಿ ತೆಗೆಯಲು ಹೊರಟರೆ ಲೇಪನ ಇನ್ನಷ್ಟು ಹೋಗುತ್ತದೆ. ತೆಳು ಜಾಡಿನಿಂದ ಚಿತ್ರಕ್ಕೆ ಆಗುವ ನಷ್ಟ ಬಹಳ ಕಡಿಮೆ, ಬೆಳಕಿಗೆ ಎದುರಾದಾಗ ಸ್ವಲ್ಪ ಮಂಜಾಗಬಹುದು ಅಷ್ಟೆ.

ತುಮಕೂರಿನಿಂದ, ವಿದ್ಯಾರ್ಥಿ

ಹಿರಿಯರ ಮಾತುಗಳನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ತಪ್ಪು ತಿಳಿಯದಿದ್ದರೆ ಒಂದು ಸಲಹೆ. ಟ್ಯೂಬನ್ನು ತೆಗೆದು ಅದರ ಜಾಗದಲ್ಲಿ ಈಗಿನ ಸಣ್ಣ ಸೆನ್ಸರ್ ಬೋರ್ಡೊಂದನ್ನು ಕೂರಿಸಿದರೆ ಕಡಿಮೆ ಖರ್ಚಿನಲ್ಲಿ, ಹೆಚ್ಚು ಸ್ಪಷ್ಟವಾದ ಚಿತ್ರ ಬರುತ್ತದೆ. ಹೊರನೋಟ, ಲೆನ್ಸ್ ಎಲ್ಲ ಹಾಗೆಯೇ ಉಳಿಯುತ್ತವೆ. ಬೆಳಕಿನ ಹಿಂದೆ ಬಾಲದಂತೆ ಎಳೆಯುವ ಹಳೆಯ ಪರಿಣಾಮವನ್ನು ಬೇಕಿದ್ದರೆ ಆಮೇಲೆ ಸಾಫ್ಟ್‌ವೇರಿನಲ್ಲಿ ಸೇರಿಸಬಹುದಲ್ಲವೇ?

ಐಂದ್‌ಹೋವನ್, ನೆದರ್‌ಲೆಂಡ್ಸ್‌ನಿಂದ

ನಾನು ಧಾರವಾಡದವನು. ಕೆಲಸದ ನಿಮಿತ್ತ ಇರುವ ಈ ಊರು ಫಿಲಿಪ್ಸ್ ಕಂಪನಿಯ ತವರು. 1960ರ ದಶಕದಲ್ಲಿ ಆ ಕಂಪನಿಯ ಸಂಶೋಧಕರು ರೂಪಿಸಿದ ಪ್ಲಂಬಿಕಾನ್ ಟ್ಯೂಬಿನಲ್ಲಿ ಸೀಸದ ಆಕ್ಸೈಡಿನ ಲೇಪನವಿತ್ತು. ಹಳೆಯ ವಿಡಿಕಾನಿಗಿಂತ ಬೆಳಕಿನ ಬಾಲ ಅದರಲ್ಲಿ ಬಹಳ ಕಡಿಮೆಯಿದ್ದುದರಿಂದ ಅದು ಬಣ್ಣದ ಪ್ರಸಾರದ ಸ್ಟುಡಿಯೊಗಳನ್ನು ಬಹುಬೇಗ ತುಂಬಿಕೊಂಡಿತು. ಆಮೇಲೆ ಜಪಾನಿನಲ್ಲಿ ಸೆಲೆನಿಯಂ, ಆರ್ಸೆನಿಕ್, ಟೆಲ್ಯುರಿಯಂ ಮೂರನ್ನು ಸೇರಿಸಿದ ಸ್ಯಾಟಿಕಾನ್ ಬಂತು. ಆ ಮೂರು ಮೂಲವಸ್ತುಗಳ ಹೆಸರುಗಳ ಮೊದಲ ಇಂಗ್ಲಿಷ್ ಅಕ್ಷರಗಳೇ ಅದರ ಹೆಸರಿನಲ್ಲಿವೆ. ಒಂದೊಂದು ಲೇಪನಕ್ಕೂ ಬೆಳಕನ್ನು ಸ್ವೀಕರಿಸುವ, ಹಿಡಿದಿಟ್ಟುಕೊಳ್ಳುವ, ಬಿಟ್ಟುಕೊಡುವ ರೀತಿ ಬೇರೆ. ದೀಪದ ಹಿಂದಿನ ಬಾಲ ಎಷ್ಟು ಉದ್ದವಿರುತ್ತದೆ ಎಂಬುದು ದೀಪದ ಪ್ರಖರತೆ, ಕಿರಣದ ಪ್ರಮಾಣ, ಲೇಪನದ ಬಿಸಿ, ಹಿಂದಿನ ಕ್ಷಣದಲ್ಲಿ ಅಲ್ಲಿ ಏನಿತ್ತು ಎಂಬುದು ಇವೆಲ್ಲವನ್ನೂ ಅವಲಂಬಿಸಿದೆ. ಸಾಫ್ಟ್‌ವೇರಿನಲ್ಲಿ ಮಾಡುವುದು ಅದರ ಹೊರರೂಪದ ಅನುಕರಣೆಯಷ್ಟೇ ಆಗುತ್ತದೆ.

ತುಮಕೂರಿನ ಗೆಳೆಯರು ಹೇಳಿದ ವಿಧಾನ ಟ್ಯೂಬ್ ಒಡೆದುಹೋದ, ಖಾಲಿ ಕವಚ ಮಾತ್ರ ಉಳಿದ ಕ್ಯಾಮೆರಾಕ್ಕೆ ಸರಿಯಾದೀತು. ಟ್ಯೂಬ್ ಬದುಕಿರುವಾಗ ಅದನ್ನು ಕಿತ್ತು ಸೆನ್ಸರ್ ಕೂರಿಸುವುದನ್ನು ನಾನು ದುರಸ್ತಿ ಎಂದು ಕರೆಯಲಾರೆ.

ಬದಲಿ ಟ್ಯೂಬಿನ ಬಗ್ಗೆಯೂ ಒಂದು ಮಾತು. ಒಂದೇ ಟ್ಯೂಬಿನ ಬಣ್ಣದ ಕ್ಯಾಮೆರಾದಲ್ಲಿ ಟ್ಯೂಬಿನ ಮುಖದ ಮೇಲೆಯೇ ಕೂದಲಿಗಿಂತ ತೆಳುವಾದ ಬಣ್ಣದ ಪಟ್ಟಿಗಳ ಜಾಲವಿರುತ್ತದೆ. ಅಳತೆ ಸರಿಹೊಂದಿತೆಂದು ಕಪ್ಪುಬಿಳುಪಿನ ಕಾವಲು ಕ್ಯಾಮೆರಾದ ಟ್ಯೂಬನ್ನು ಕೊಂಡು ಹಾಕಿದರೆ ಚಿತ್ರ ಬಂದೀತು, ಬಣ್ಣ ಬರಲಾರದು.

ಬೆಂಗಳೂರಿನಿಂದ

ಧಾರವಾಡದ ಮಿತ್ರರ ಕೊನೆಯ ಮಾತನ್ನು ನೆನಪಿಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಶಾರ್ಟ್ ಸಿಕ್ಕಿ, ಸರಬರಾಜಿನ ಕಂಡೆನ್ಸರುಗಳು ಬದಲಾದ ಮೇಲೆ ಮೊದಲ ಸಲ ವಿದ್ಯುತ್ ಕೊಡುವ ಕ್ರಮವನ್ನು ಹೇಳುತ್ತೇನೆ. ಲೆನ್ಸಿನ ಮುಚ್ಚಳ ಹಾಕಿರಲಿ. ಟ್ಯೂಬಿನ ಹಿಂದಿನ ಸಾಕೆಟ್ಟನ್ನು ಕಳಚಿಡಿ, ಟ್ಯೂಬಿಗೆ ಏನೂ ಹೋಗದಿರಲಿ. ಪವರ್ ಸಪ್ಲೈಯ ಮಿತಿಯನ್ನು ಒಂದು ಆಂಪಿಯರಿಗೆ ಇಟ್ಟು 12 ವೋಲ್ಟ್ ಕೊಡಿ. ಕ್ಯಾಮೆರಾದ ಒಳಗಿನ ಪರಿವರ್ತಕವು ಈ 12 ವೋಲ್ಟಿನಿಂದಲೇ 300 ವೋಲ್ಟ್ ಆಸುಪಾಸಿನ ಸರಬರಾಜನ್ನು ಹುಟ್ಟಿಸುತ್ತದೆ. ವ್ಯೂಫೈಂಡರಿನ ಪುಟ್ಟ ಚಿತ್ರನಳಿಕೆಗೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ವೋಲ್ಟೇಜು ಹೋಗುತ್ತದೆ. ಆ ಕಂಡೆನ್ಸರುಗಳು ಸ್ವಿಚ್ ಆರಿಸಿದ ಮೇಲೂ ಹೊಡೆಯಬಲ್ಲವು. ರೆಸಿಸ್ಟರಿನ ಮೂಲಕ ಖಾಲಿ ಮಾಡಿಯೇ ಕೈ ಹಾಕಿ.

ಆಸಿಲೋಸ್ಕೋಪಿನಲ್ಲಿ ಡಿಫ್ಲೆಕ್ಷನ್ ಸುರುಳಿಗಳ ಮೇಲೆ ಗರಗಸದ ಹಲ್ಲಿನಂತಹ ಎರಡು ಅಲೆಗಳು ಕಾಣಬೇಕು. ನಮ್ಮ ದೇಶದ ಟಿವಿಗಳ ಪಾಲ್ ಎಂಬ ಪದ್ಧತಿಯಲ್ಲಿ ಅಡ್ಡಗೆರೆಗಳದು ಸೆಕೆಂಡಿಗೆ 15,625, ಲಂಬದ್ದು 50. ಎರಡೂ ಕಂಡ ಮೇಲೆಯೇ ಟ್ಯೂಬಿನ ಸಾಕೆಟ್ಟನ್ನು ಜೋಡಿಸಿ. ಆಗಲೂ ಬೀಮ್ (ಇಲೆಕ್ಟ್ರಾನ್ ಕಿರಣದ ಪ್ರಮಾಣ) ನಿಯಂತ್ರಣವನ್ನು ಅತ್ಯಂತ ಕೆಳಕ್ಕೆ ಇಳಿಸಿ, ಟ್ಯೂಬನ್ನು ಒಳಗಿಂದ ಕಾಯಿಸುವ ಹೀಟರನ್ನು ಮಾತ್ರ ಮೂರು ನಾಲ್ಕು ಗಂಟೆ ಉರಿಯಲು ಬಿಡಿ. ಇಲೆಕ್ಟ್ರಾನುಗಳನ್ನು ಹೊರಬಿಡುವ, ದಶಕಗಳಿಂದ ತಣ್ಣಗಿದ್ದ ಕ್ಯಾಥೋಡ್ ನಿಧಾನವಾಗಿ ಚೇತರಿಸಿಕೊಳ್ಳುತ್ತದೆ. ಹೀಟರಿಗೆ ಹೆಚ್ಚು ವೋಲ್ಟೇಜು ಕೊಟ್ಟು ಟ್ಯೂಬನ್ನು ಎಬ್ಬಿಸುವ ಪದ್ಧತಿಯನ್ನು ಟಿವಿ ಪಿಕ್ಚರ್ ಟ್ಯೂಬುಗಳಲ್ಲಿ ನೋಡಿರಬಹುದು. ಇಲ್ಲಿನ ಹೀಟರ್ 6.3 ವೋಲ್ಟಿಗೆ ಒಂದು ಆಂಪಿಯರಿನ ಹತ್ತನೇ ಒಂದು ಪಾಲಿನಷ್ಟನ್ನು ಮಾತ್ರ ಸೆಳೆಯುವ ನವುರಾದ ತಂತಿ. ಅಂತಹ ಸಾಹಸ ಖಂಡಿತ ಬೇಡ.

ಕೊನೆಗೆ ಬೀಮನ್ನು ಸ್ವಲ್ಪಸ್ವಲ್ಪವಾಗಿ ಏರಿಸಿ. ಕಡಿಮೆಯಾದರೆ ಚಿತ್ರದ ಬಿಳಿಯ ಭಾಗಗಳು ಹಿಟ್ಟು ಕಲಸಿದಂತೆ ಚಪ್ಪಟೆಯಾಗಿ ಹರಡಿಕೊಳ್ಳುತ್ತವೆ. ಹೆಚ್ಚಾದರೆ ಇಡೀ ಚಿತ್ರ ಮೊಂಡಾಗುತ್ತದೆ. ಅತ್ಯಂತ ಬೆಳ್ಳಗಿನ ಭಾಗದಲ್ಲೂ ವಿವರ ಕಾಣುವಷ್ಟಾದ ಕೂಡಲೇ ನಿಲ್ಲಿಸಬೇಕು.

ಕುಂದಾಪುರದಿಂದ

ಶಾರ್ಟ್ ಸಿಕ್ಕಿತು. ಹುಬ್ಬಳ್ಳಿಯವರು ಹೇಳಿದ ಮಿಲಿವೋಲ್ಟಿನ ಉಪಾಯದಿಂದ ಏಳನೆಯ ಟ್ಯಾಂಟಲಮ್ಮಿನ ಬುಡ ತಲುಪಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಬೆಂಗಳೂರಿಗೆ ಹೋಗಿದ್ದಾಗ ಎಸ್‌ಪಿ ರಸ್ತೆಯ ಅಂಗಡಿಗಳಲ್ಲಿ ಬೇಕಾದ ಕಂಡೆನ್ಸರುಗಳೆಲ್ಲ ಸಿಕ್ಕವು. ಸರಬರಾಜಿನ ಭಾಗದಲ್ಲಿ ಒಟ್ಟು ಹದಿನಾಲ್ಕನ್ನು ಬದಲಾಯಿಸಿದೆ. ಲೆನ್ಸನ್ನು ಮೈಸೂರಿನವರ ಕ್ರಮದಲ್ಲಿಯೇ ಬಿಚ್ಚಿದೆ. ಮೂರು ಗಾಜುಗಳು ನಿರ್ಮಲವಾದವು, ಒಂದರ ಅಂಚಿನಲ್ಲಿ ಬೂಷ್ಟಿನ ಜಾಡು ಉಳಿದಿದೆ.

ನಿನ್ನೆ ರಾತ್ರಿ ಹೀಟರನ್ನು ನಾಲ್ಕು ಗಂಟೆ ಉರಿಸಿ, ಬೀಮನ್ನು ಏರಿಸುತ್ತ ಹೋದೆ. ಮೊದಲು ಬೂದು ಬಣ್ಣದ ಪರದೆ, ಆಮೇಲೆ ಅದರೊಳಗಿಂದ ನಿಧಾನವಾಗಿ ನಮ್ಮ ಜಗಲಿಯ ಕಂಬ, ಕಂಬಕ್ಕೆ ಒರಗಿಸಿಟ್ಟ ಕೊಡೆ ಕಾಣಿಸಿದವು. ಮಾವ ಪಕ್ಕದಲ್ಲೇ ಕೂತಿದ್ದರು. ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ.

ಆದರೆ ಬಣ್ಣ ಬರಲಿಲ್ಲ. ಚಿತ್ರ ಕಪ್ಪುಬಿಳುಪಾಗಿದೆ, ಮೃದುವಾಗಿದೆ. ನಡುವೆ ಮಾತ್ರ ಮಾಸಿದ ಹಸಿರು ಛಾಯೆ ಒಮ್ಮೊಮ್ಮೆ ಬಂದು ಹೋಗುತ್ತದೆ. ಬಣ್ಣದ ಬೋರ್ಡು ಕೆಟ್ಟಿರಬಹುದೇ? ಅದರಲ್ಲಿರುವ ಐಸಿಗಳು ಈಗ ಸಿಗುವುದು ಕಷ್ಟ ಎಂದು ಆತಂಕವಾಗಿದೆ.

ಬೆಂಗಳೂರಿನಿಂದ

ಅಭಿನಂದನೆಗಳು. ಬಣ್ಣದ ಬೋರ್ಡನ್ನು ಈಗಲೇ ಮುಟ್ಟಬೇಡಿ. ನಿಮ್ಮ ವಿವರಣೆಯಲ್ಲಿರುವ 'ಮೃದುವಾಗಿದೆ' ಎಂಬ ಮಾತು ಬೇರೆ ದಿಕ್ಕನ್ನು ತೋರಿಸುತ್ತಿದೆ.

ನಿಮ್ಮ ಕ್ಯಾಮೆರಾದಲ್ಲಿ ಬಣ್ಣವೆಂಬುದು ಟ್ಯೂಬಿನ ಮುಖದ ಮೇಲಿನ ಪಟ್ಟಿಗಳಿಂದ ಹುಟ್ಟುತ್ತದೆ. ಕಿರಣವು ಗೆರೆಯ ಮೇಲೆ ಓಡುವಾಗ ಒಂದೊಂದೇ ಪಟ್ಟಿಯನ್ನು ದಾಟುತ್ತದೆ. ಆಗ ಚಿತ್ರಸಂಕೇತದ ಮೇಲೆ ಕೆಲವು ಮೆಗಾಹರ್ಟ್ಸ್‌ನ ಸಣ್ಣ ಏರಿಳಿತ ಸೇರಿಕೊಳ್ಳುತ್ತದೆ, ಬಣ್ಣದ ಬೋರ್ಡು ಆ ಏರಿಳಿತದಿಂದಲೇ ಬಣ್ಣವನ್ನು ಬಿಡಿಸಿಕೊಳ್ಳುತ್ತದೆ. ಕಿರಣದ ತುದಿ ಮೊಂಡಾಗಿ, ಒಂದೇ ಹೊತ್ತಿಗೆ ಎರಡು ಮೂರು ಪಟ್ಟಿಗಳ ಮೇಲೆ ಹರಡಿಕೊಂಡರೆ ಏರಿಳಿತ ಅಳಿಸಿಹೋಗುತ್ತದೆ. ಆಗ ಬೋರ್ಡು ಎಷ್ಟು ಆರೋಗ್ಯವಾಗಿದ್ದರೂ ಅದಕ್ಕೆ ಬಿಡಿಸಿಕೊಳ್ಳಲು ಬಣ್ಣವೇ ಇರುವುದಿಲ್ಲ.

ಇದನ್ನು ಪರೀಕ್ಷಿಸುವುದು ಸುಲಭ. ಕ್ಯಾಮೆರಾದಲ್ಲಿ ಫೋಕಸ್ ಎಂಬುದು ಎರಡು ಕಡೆ ಇದೆ, ಒಂದು ಲೆನ್ಸಿನದು, ಇನ್ನೊಂದು ಕಿರಣದ್ದು. ಪಟ್ಟಿಗಳು ಟ್ಯೂಬಿನ ಮುಖದ ಮೇಲೆಯೇ ಇರುವುದರಿಂದ ಲೆನ್ಸಿನ ಫೋಕಸನ್ನು ಎಷ್ಟು ಕೆಡಿಸಿದರೂ ಬಣ್ಣ ಹೋಗಬಾರದು, ಕಿರಣದ ಫೋಕಸ್ ಕೆಟ್ಟರೆ ಮಾತ್ರ ಹೋಗುತ್ತದೆ. ಬಿಳಿಯ ಹಾಳೆಯೊಂದನ್ನು ಸಮವಾಗಿ ಬೆಳಗಿಸಿ, ಟ್ಯೂಬಿನ ಸಣ್ಣ ಸಂಕೇತವನ್ನು ಮೊದಲು ಹಿಗ್ಗಿಸುವ ಪ್ರೀಆಂಪ್ಲಿಫೈಯರಿನ ಹೊರತುದಿಗೆ ಆಸಿಲೋಸ್ಕೋಪ್ ಜೋಡಿಸಿ. ಕಿರಣದ ಫೋಕಸ್ ಟ್ರಿಮ್ಮರ್ (ತಿರುಗಿಸಿ ಹೊಂದಿಸುವ ಪುಟ್ಟ ನಿಯಂತ್ರಣ) ಈಗ ಇರುವ ಜಾಗವನ್ನು ಪೆನ್ಸಿಲಿನಿಂದ ಗುರುತು ಮಾಡಿಕೊಂಡು, ನಿಧಾನವಾಗಿ ತಿರುಗಿಸುತ್ತ ಆ ಏರಿಳಿತ ಎಲ್ಲಿ ದೊಡ್ಡದಾಗುತ್ತದೆ ಎಂದು ನೋಡಿ.

ಕುಂದಾಪುರದಿಂದ

ಸರ್, ನೀವು ಹೇಳಿದಂತೆಯೇ ಆಯಿತು. ಟ್ರಿಮ್ಮರನ್ನು ತಿರುಗಿಸಿದಂತೆ ಏರಿಳಿತ ದೊಡ್ಡದಾಗುತ್ತ ಹೋಗುತ್ತದೆ, ಹಸಿರು ಛಾಯೆ ಗಾಢವಾಗುತ್ತದೆ. ಆದರೆ ಶಿಖರ ತಲುಪುವ ಮೊದಲೇ ಟ್ರಿಮ್ಮರ್ ಕೊನೆಯಲ್ಲಿ ನಿಂತುಬಿಡುತ್ತದೆ. ಫೋಕಸ್ ವೋಲ್ಟೇಜನ್ನು ಅಳೆದರೆ ಒಂದೊಂದು ಮೀಟರು ಒಂದೊಂದು ಸಂಖ್ಯೆ ಹೇಳುತ್ತಿದೆ.

ಹುಬ್ಬಳ್ಳಿಯಿಂದ

ಮೀಟರುಗಳು ಸುಳ್ಳು ಹೇಳುತ್ತಿಲ್ಲ, ಅವು ತಾವೇ ವೋಲ್ಟೇಜನ್ನು ಕೆಳಗೆ ಎಳೆಯುತ್ತಿವೆ. ಫೋಕಸಿನ ಮಂಡಲದಲ್ಲಿ ಮೆಗಓಮ್ ಗಾತ್ರದ ರೆಸಿಸ್ಟರುಗಳಿರುತ್ತವೆ. ಸಾಮಾನ್ಯ ಡಿಜಿಟಲ್ ಮೀಟರಿನ ಒಳಗಿನ ರೋಧವೇ 10 ಮೆಗಓಮ್, ಹಳೆಯ ಮುಳ್ಳಿನ ಮೀಟರಿನದು ಇನ್ನೂ ಕಡಿಮೆ. ಅಲ್ಲಿ ವೋಲ್ಟೇಜು ಅಳೆಯುವುದನ್ನು ಬಿಡಿ. ವಿದ್ಯುತ್ ಆರಿಸಿ, ಕಂಡೆನ್ಸರುಗಳನ್ನು ಖಾಲಿ ಮಾಡಿ, ಒಂದೊಂದು ದೊಡ್ಡ ರೆಸಿಸ್ಟರಿನ ಒಂದು ಕಾಲನ್ನು ಮೇಲೆತ್ತಿ ಓಮ್‌ನಲ್ಲಿ ಅಳೆಯಿರಿ. ಹಳೆಯ ಕಾರ್ಬನ್ ರೆಸಿಸ್ಟರುಗಳು, ಅದರಲ್ಲೂ ಮೆಗಓಮ್ ಲೆಕ್ಕದವು, ವಯಸ್ಸಾದಂತೆ ಮೇಲಕ್ಕೆ ಜಾರುತ್ತವೆ.

ಕುಂದಾಪುರದಿಂದ

ಸಿಕ್ಕಿತು. ಫೋಕಸಿಗೆ ಹೋಗುವ ದಾರಿಯ ಮೇಲಿನ ರೆಸಿಸ್ಟರಿನ ಬಣ್ಣದ ಪಟ್ಟಿಗಳು 2.2 ಮೆಗಓಮ್ ಎನ್ನುತ್ತಿವೆ, ಮೀಟರು 3.6 ತೋರಿಸುತ್ತಿದೆ. ಬದಲಿಗೆ 1.1 ಮೆಗಓಮ್‌ನ ಎರಡು ಮೆಟಲ್ ಫಿಲ್ಮ್ ರೆಸಿಸ್ಟರುಗಳನ್ನು ಒಂದರ ಹಿಂದೆ ಒಂದು ಜೋಡಿಸಿದೆ. ಹೀಗೆ ಮಾಡಿದರೆ ವೋಲ್ಟೇಜು ಎರಡರ ನಡುವೆ ಹಂಚಿಹೋಗುತ್ತದೆ, ಒಂದರ ಮೇಲೇ ಭಾರ ಬೀಳುವುದಿಲ್ಲ.

ಈಗ ಟ್ರಿಮ್ಮರಿನ ನಡುಭಾಗದಲ್ಲೇ ಶಿಖರ ಸಿಗುತ್ತಿದೆ. ಕಂಬಕ್ಕೆ ಕೆಮ್ಮಣ್ಣಿನ ಬಣ್ಣ ಬಂದಿದೆ. ಬಾಳೆಯ ಎಲೆ ಹಸಿರಾಗಿದೆ. ಆದರೆ ಚಿತ್ರದ ಬಲಗಡೆಯ ಮೇಲ್ಮೂಲೆ ಇನ್ನೂ ಗುಲಾಬಿಯಾಗಿದೆ.

ಬೆಂಗಳೂರಿನಿಂದ

ಮೂಲೆಯ ದೋಷ ಕಿರಣ ಓರೆಯಾಗಿ ಹೊರಟಿದೆ ಎಂಬುದರ ಸೂಚನೆ. ಟ್ಯೂಬಿನ ಹಿಂಭಾಗದ ಹತ್ತಿರ ಎರಡು ತೆಳುವಾದ ಅಯಸ್ಕಾಂತದ ಬಳೆಗಳಿರುತ್ತವೆ, ನೋಡಿ. ಒಂದು ಅಧಿಕ (+) ಚಿಹ್ನೆಯನ್ನು ಹಾಳೆಯ ಮೇಲೆ ಬರೆದು ಚಿತ್ರದ ನಟ್ಟನಡುವೆ ಇರಿಸಿ. ಕಿರಣದ ಫೋಕಸನ್ನು ಶಿಖರದ ಆಚೀಚೆ ಮೆಲ್ಲಗೆ ಅಲ್ಲಾಡಿಸಿ. ಚಿಹ್ನೆ ಮೊಂಡಾಗುತ್ತ ಚೂಪಾಗುತ್ತ ತಾನಿದ್ದ ಜಾಗದಲ್ಲೇ ಇದ್ದರೆ ಕಿರಣ ನೇರವಾಗಿದೆ. ಪಕ್ಕಕ್ಕೆ ಜಾರಿದರೆ, ಜಾರುವುದು ನಿಲ್ಲುವವರೆಗೆ ಬಳೆಗಳನ್ನು ಒಂದಕ್ಕೊಂದು ತಿರುಗಿಸಿ ಸರಿಪಡಿಸಿ. ಸ್ಟುಡಿಯೊದಲ್ಲಿ ಮೂರು ಟ್ಯೂಬಿನ ಕ್ಯಾಮೆರಾಗಳಿಗೆ ಈ ಕೆಲಸವನ್ನು ಮೂರು ಸಲ ಮಾಡಿ, ಆಮೇಲೆ ಮೂರು ಚಿತ್ರಗಳನ್ನು ಒಂದರ ಮೇಲೊಂದು ಕೂರಿಸುವ ಕೆಲಸವೂ ಇರುತ್ತಿತ್ತು. ನಿಮಗೆ ಒಂದೇ ಟ್ಯೂಬ್.

ಸಂಕೇತವನ್ನು ಕಂಪ್ಯೂಟರಿಗೆ ಇಳಿಸುವಾಗ ಹೊರತುದಿಗೆ 75 ಓಮ್ ಹೊರೆ ಇದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ಒಂದು ವೋಲ್ಟಿನ ಸಂಕೇತ ಎರಡು ವೋಲ್ಟಾಗಿ, ಬಿಳಿಯೆಲ್ಲ ಉಕ್ಕಿಹೋಗುತ್ತದೆ.

ಕುಂದಾಪುರದಿಂದ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಅಯಸ್ಕಾಂತದ ಬಳೆಗಳಿಗೆ ಎರಡು ಸಂಜೆ ಹಿಡಿಯಿತು. ಗುಲಾಬಿ ಮೂಲೆ ಈಗ ತುಸು ಬೆಚ್ಚಗಿನ ಬಿಳಿಯಾಗಿದೆ, ಅದಕ್ಕಿಂತ ಹೆಚ್ಚು ಸರಿಪಡಿಸಲು ಹೋಗಿಲ್ಲ. ಮಾವನ ಹಳೆಯ 1000 ವಾಟಿನ ಹ್ಯಾಲೊಜನ್ ದೀಪವೂ ಸಿಕ್ಕಿತು. ಮನೆಯ ಎಲ್‌ಇಡಿ ದೀಪಗಳ ಕೆಳಗೆ ಹೊಂದದ ಚರ್ಮದ ಬಣ್ಣ, ಆ ದೀಪ ಹಚ್ಚಿದ ಕೂಡಲೇ ಸರಿಹೋಯಿತು. ಮದುವೆಮನೆಗಳಲ್ಲಿ ಆ ದೀಪದ ಮುಂದೆ ವಧೂವರರು ಬೆವರುತ್ತಿದ್ದುದು ಏಕೆಂದು ಈಗ ಅರ್ಥವಾಯಿತು. ಕ್ಯಾಮೆರಾಕ್ಕೆ ಅಷ್ಟು ಬೆಳಕು ನಿಜವಾಗಿಯೂ ಬೇಕು.

ಒಂದು ದೋಷ ಉಳಿದಿದೆ. ಬಿಳಿಯ ಹಾಳೆಯನ್ನು ನೋಡಿದಾಗ ಚಿತ್ರದ ಮೇಲ್ಭಾಗದಲ್ಲಿ ಕಮಾನಿನಂತೆ ಸಾಲಾಗಿ ಒಂಬತ್ತು ಮಸುಕು ಚುಕ್ಕೆಗಳು ಕಾಣುತ್ತವೆ. ಟ್ಯೂಬಿನೊಳಗೆ ಉದುರಿದ ಕಣಗಳೆಂದು ಮೊದಲು ಹೆದರಿದೆ. ಮಾವ ನೋಡಿದ ತಕ್ಷಣ ಹೇಳಿದರು, ಅದು ಮಂಟಪದ ಬಲ್ಬಿನ ಸಾಲು ಎಂದು. ಯಾವುದೋ ಮದುವೆಯಲ್ಲಿ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮುಹೂರ್ತ ಮುಗಿಯುವವರೆಗೆ ಅಲುಗಿಸದೆ ಬಿಟ್ಟಿದ್ದರಂತೆ. ಅವರಲ್ಲಿ ಉಳಿದಿರುವ ಕ್ಯಾಸೆಟ್ಟುಗಳನ್ನು ವರ್ಷದ ಕ್ರಮದಲ್ಲಿ ಹಾಕಿ ನೋಡಿದೆವು. 1986ರ ಏಪ್ರಿಲ್‌ನ ಮದುವೆಯವರೆಗೆ ಚುಕ್ಕೆಗಳಿಲ್ಲ. ಮೇ ತಿಂಗಳ ಒಂದು ಮದುವೆಯಲ್ಲಿ ಒಂಬತ್ತು ಬಲ್ಬುಗಳ ಕಮಾನು ಅದೇ ಜಾಗದಲ್ಲಿ ಉರಿಯುತ್ತಿದೆ. ಅಲ್ಲಿಂದ ಮುಂದಿನ ಎಲ್ಲ ಕ್ಯಾಸೆಟ್ಟುಗಳ ಬಿಳಿಗೋಡೆಗಳ ಮೇಲೆ, ಪಂಚೆಗಳ ಮೇಲೆ ಆ ಒಂಬತ್ತು ಚುಕ್ಕೆಗಳು ಸಣ್ಣಗೆ ಕೂತಿವೆ.

ಬೆಂಗಳೂರಿನಿಂದ

ಸಮವಾಗಿ ಬೆಳಗಿದ ಬಿಳಿಯ ಹಾಳೆಯ ಎದುರು, ಲೆನ್ಸಿನ ಫೋಕಸ್ ಕೆಡಿಸಿ, ಕ್ಯಾಮೆರಾವನ್ನು ಕೆಲವು ಗಂಟೆ ಚಾಲೂ ಇಟ್ಟರೆ ಇಂತಹ ಗುರುತುಗಳು ತಿಳಿಯಾಗುವುದುಂಟು. ಇಷ್ಟು ಹಳೆಯದು ಪೂರ್ತಿ ಹೋಗಲಾರದು. ಎರಡು ಮೂರು ಸಲಕ್ಕಿಂತ ಹೆಚ್ಚು ಪ್ರಯತ್ನಿಸಬೇಡಿ; ಟ್ಯೂಬಿನ ಆಯುಸ್ಸನ್ನು ಅದಕ್ಕಾಗಿ ಖರ್ಚು ಮಾಡುವುದು ಬೇಡ.

ಕುಂದಾಪುರದಿಂದ

ಒಂದು ಸಲ, ಐದು ಗಂಟೆ ಹಾಗೆ ಇಟ್ಟೆ. ಒಂಬತ್ತರಲ್ಲಿ ಆರು ಚುಕ್ಕೆಗಳು ಮಾಸಿವೆ, ನಡುವಿನ ಮೂರು ಉಳಿದಿವೆ. ಎರಡನೆಯ ಸಲ ಇಡುವುದು ಬೇಡವೆಂದು ಮಾವನೇ ಹೇಳಿದರು. ಈಗ ವ್ಯೂಫೈಂಡರಿನ ಕೆಲಸ ಎತ್ತಿಕೊಂಡಿದ್ದೇನೆ. ಅದರ ಚಿತ್ರ ಮೇಲಿನಿಂದಲೂ ಕೆಳಗಿನಿಂದಲೂ ಕುಗ್ಗಿ ಎರಡು ಬೆರಳಿನ ಪಟ್ಟಿಯಂತಿದೆ. ಲಂಬ ಡಿಫ್ಲೆಕ್ಷನ್ನಿನ ಕಂಡೆನ್ಸರುಗಳಿಂದ ಆರಂಭಿಸುತ್ತೇನೆ.